ಮೊದಲ ಕಂತಿನಲ್ಲಿ ಇಲ್ಲದವಳು

ಕಾಶಿಬಾಯಿ ಪಾಸು ಮಾಡದ ಕಾರ್ಟೂನನ್ನು ಆ ಕಟ್ಟಡದ ಇಂಡಿಯನ್ ಮಕ್ಕಳು ಯಾರೂ ನೋಡುವಂತಿರಲಿಲ್ಲ. ಜ್ಯಾಕ್ಸನ್ ಹೈಟ್ಸ್‌ನ ಕೆಂಪು ಇಟ್ಟಿಗೆಯ ಕಟ್ಟಡ. ನಾಲ್ಕನೆಯ ಮಹಡಿಯಲ್ಲಿ ಅವಳ ಮನೆ. ಬೆಳಗ್ಗೆ ಅಲ್ಲಿ ಬಿಟ್ಟುಹೋದ ಮಕ್ಕಳು ಸಂಜೆ ತಾಯಂದಿರು ಬಂದು ಕರೆದೊಯ್ಯುವತನಕ ಅವಳ ವಶ. ಮೂಗು ಒರೆಸುವುದು, ಉಣಿಸುವುದು, ಒದ್ದೆ ಚಡ್ಡಿ ಬದಲಿಸುವುದು, ಜಗಳ ಬಿಡಿಸುವುದು, ಜ್ವರ ಬಂದರೆ ಹಣೆಯ ಮೇಲೆ ಬಟ್ಟೆ ಹಾಕುವುದು, ಎಲ್ಲವೂ ಅವಳದೇ. ಅವಳ ಗಂಡ ಪಂಚಾಕ್ಷರಿ ಇದಕ್ಕೆ 'ಟೈಮ್ ಪಾಸ್' ಎನ್ನುತ್ತಿದ್ದ.

ಮಧ್ಯಾಹ್ನ ನಾಲ್ಕರ ಸುಮಾರಿಗೆ ಅವಳು ಒಲೆ ಹಚ್ಚಬೇಕು. ಹುಡುಗರು ಕಾಲಲ್ಲಿ ಸುತ್ತಿದರೆ ಬಿಸಿ ಎಣ್ಣೆಯ ಭಯ. ಆಗ ಅವಳಿಗೆ ನೆರವಾಗುತ್ತಿದ್ದುದು ಟಿವಿಯೊಂದೇ. ಹೊಸ ಕಾರ್ಟೂನು ಶುರುವಾದ ದಿನ ಮಾತ್ರ ಅವಳು ಒಲೆ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮೊದಲ ಕಂತನ್ನು ಕೊನೆಯವರೆಗೆ ನೋಡುತ್ತಿದ್ದಳು. ಪಾಸಾದರೆ ಮರುದಿನದಿಂದ ಅದು ಮಕ್ಕಳಿಗೆ. ಇಲ್ಲವಾದರೆ ಆ ಹೊತ್ತಿಗೆ ಗುಂಡಿ ಬೇರೆ ಚಾನೆಲ್ಲಿಗೆ ತಿರುಗುತ್ತಿತ್ತು.

ಅವಳು ಕೆಟ್ಟ ಮಾತು, ಹೊಡೆದಾಟ ಹುಡುಕುತ್ತಾಳೆಂದು ತಾಯಂದಿರು ತಿಳಿದಿದ್ದರು. ಕೆಟ್ಟ ಮಾತು ಗೊತ್ತಾಗುವಷ್ಟು ಇಂಗ್ಲಿಷು ಅವಳಿಗೆ ಬರುತ್ತಿರಲಿಲ್ಲ. ಅವಳು ನೋಡುತ್ತಿದ್ದುದು ಬೇರೆ: ಆ ಮನೆಯಲ್ಲಿ ಯಾರಾದರೂ ಊಟ ಮಾಡುತ್ತಾರೆಯೇ? ಬಡಿಸುವವರು ಯಾರು? ತಾಯಿ ಎಲ್ಲಿದ್ದಾಳೆ? ಅದರಲ್ಲೂ ಈ ದೊಡ್ಡ ಕಣ್ಣಿನ ಚಿತ್ರಗಳ ಮೇಲೆ ಅವಳಿಗೆ ಅನುಮಾನ ಹೆಚ್ಚು. ಅವು ಜಪಾನಿನಿಂದ ಬಂದವು, ಇಲ್ಲಿ ಇಂಗ್ಲಿಷ್ ಮಾತು ಹಚ್ಚಿದ್ದಾರೆ, ಅದಕ್ಕೇ ಬಾಯಿ ಮುಚ್ಚಿದ ಮೇಲೂ ಮಾತು ಬರುತ್ತಿರುತ್ತದೆ ಎಂದು ಪಂಚಾಕ್ಷರಿ ಹೇಳಿದ್ದ. ಅವುಗಳಲ್ಲಿ ತಾಯಂದಿರು ಬೇಗ ಸಾಯುತ್ತಿದ್ದರು.

ಡಾಕ್ಟರ್ ಶೈಲಜಾ ಒಂದು ಸಂಜೆ ಮಗನನ್ನು ಕರೆದೊಯ್ಯಲು ಬಂದಾಗ, ಹೊಸ ಕಾರ್ಟೂನು ಚೆನ್ನಾಗಿದೆಯಂತೆ, ಯಾಕೆ ಫೇಲ್ ಮಾಡಿಬಿಟ್ರಿ ಎಂದು ನಗುತ್ತ ಕೇಳಿದಳು. ಬೆಂಗಳೂರಿನವಳು, ದವಾಖಾನೆಯಲ್ಲಿ ಎರಡು ಪಾಳಿ ನಿಂತು ಬಂದವಳು, ಕಣ್ಣ ಕೆಳಗೆ ಕಪ್ಪು.

"ಅವ್ವ ಇದ್ರ ಕತಿ ಮುಂದ ಹೋಗೂದಿಲ್ರಿ, ಡಾಕ್ಟರಬಾಯಾರ," ಎಂದಳು ಕಾಶಿಬಾಯಿ. "ಹುಡುಗ ಲಡಾಯಿಗೆ ಹೊಂಟ್ರ ಉಂಡ ಹೋಗು ಅಂತಾಳ, ಸ್ವೆಟರ್ ಹಾಕ್ಕೋ ಅಂತಾಳ. ಅದಕ್ಕ ಮೊದಲ್ನೇ ದಿವಸನ ಆಕಿನ್ನ ಮುಗಸ್ತಾರ. ಆಮ್ಯಾಲ ಆ ಹುಡುಗನ ಅರಿವಿ ಯಾರು ಒಗೀತಾರ ಅಂತ ಯಾರೂ ಕೇಳೂದಿಲ್ಲ."

ಶೈಲಜಾ ನಕ್ಕಳು. ಆದರೆ ಅವಳ ಮಗ ಹರಿ ಕಾಶಿಬಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದ, ಬಿಡಲೊಲ್ಲ. ಕೇಳಿ ಕೇಳಿ ಕಲಿತ ಮಾತು, ಅವಳನ್ನು ಅವ್ವ ಎನ್ನುತ್ತಿದ್ದ. ಕಾಶಿಬಾಯಿ ಪ್ರತಿ ಸಲವೂ ತಿದ್ದುತ್ತಿದ್ದಳು: ಆಂಟಿ ಅನ್ನಪ್ಪಾ, ಆಂಟಿ.

"ಇರ್ಲಿ ಬಿಡಿ," ಎಂದಳು ಶೈಲಜಾ, ಹುಡುಗನ ಬೆರಳು ಒಂದೊಂದಾಗಿ ಬಿಡಿಸುತ್ತ. "ದಿನಾ ಊಟ ಹಾಕೋರು ನೀವು. ಅವನು ನನ್ನ ಡಾಕ್ಟರ್ ಅಂತ ಕರೀದೆ ಇದ್ರೆ ಸಾಕು."

ಅವರು ಹೋದ ಮೇಲೆ ಕಾಶಿಬಾಯಿ ಬಹಳ ಹೊತ್ತು ಸೆರಗಿನ ಆ ಮುದ್ದೆಯಾದ ತುದಿಯನ್ನು ಸವರಿ ಸರಿಮಾಡುತ್ತ ನಿಂತಿದ್ದಳು. ಶೈಲಜಾಳ ಮುಖದಲ್ಲಿ ಕಂಡದ್ದನ್ನು ಅವಳು ಬಲ್ಲಳು. ಅವಳಿಗೂ ಒಬ್ಬ ಮಗಳಿದ್ದಳು, ಹುಬ್ಬಳ್ಳಿಯಲ್ಲಿ.

ಪಂಚಾಕ್ಷರಿ ಅಮೆರಿಕಕ್ಕೆ ಬಂದದ್ದು ಅರವತ್ತೆಂಟರಲ್ಲಿ. ಎರಡು ವರ್ಷದ ಮೇಲೆ ಹೆಂಡತಿಯನ್ನು ಕರೆಸಿಕೊಂಡ. ಆಗ ನೀತಾ ಇನ್ನೂ ಅಂಬೆಗಾಲಿಡುವ ಕೂಸು. ಅವನು ರಜೆಗೆ ಬಂದುಹೋದ ಮೇಲೆ ಹುಟ್ಟಿದವಳು. ಅವನಿಗೆ ಇಲ್ಲಿ ಪರೀಕ್ಷೆ ಇದ್ದವು. ಓದುವವನ ಮನೆ ನಡೆಯಬೇಕಾದರೆ ಹೆಂಡತಿ ದುಡಿಯಬೇಕು. ದುಡಿಯುವವಳ ಕಂಕುಳಲ್ಲಿ ಕೂಸಿದ್ದರೆ ಯಾರು ಕೆಲಸ ಕೊಡುತ್ತಾರೆ? ಒಂದೆರಡು ವರ್ಷ ನೆಗೆಣ್ಣಿಯ ಹತ್ತಿರ ಇರಲಿ ಎಂದು ಹಿರಿಯರೇ ತೀರ್ಮಾನಿಸಿದರು. ನೆಗೆಣ್ಣಿ ಶಿವಲಿಂಗಮ್ಮ, ಗಂಡನ ಅಣ್ಣ ಅಡಿವೆಪ್ಪನ ಹೆಂಡತಿ. ಅವಳಿಗೆ ಮಕ್ಕಳಿರಲಿಲ್ಲ.

ಹೊರಡುವ ದಿನ ಅತ್ತೆ ಶಿವಲಿಂಗಮ್ಮನನ್ನು ಮಣೆಯ ಮೇಲೆ ಕೂರಿಸಿ, ಅವಳ ತೊಡೆಯ ಮೇಲೆ ನಿದ್ದೆಹೋದ ಕೂಸನ್ನು ಮಲಗಿಸಿ, ಕಾಶೀ, ನೆಗೆಣ್ಣಿಗೆ ಉಡಿ ತುಂಬು ಎಂದರು. ಕಾಶಿಬಾಯಿ ತನ್ನ ಕೈಯಾರೆ ಅವಳ ಸೆರಗಿಗೆ ಅಕ್ಕಿ, ಒಣಕೊಬ್ಬರಿ, ಅರಿಷಿಣದ ಕೊಂಬು, ಕುಬಸದ ಖಣ ಹಾಕಿದಳು. ದೂರದೇಶಕ್ಕೆ ಹೋಗುವವಳು ಹಿರಿಯಳಿಗೆ ಮಾಡುವ ಮರ್ಯಾದೆ, ನನ್ನ ಕೂಸನ್ನು ಜೋಪಾನ ಮಾಡು ಎನ್ನುವ ಬೇಡಿಕೆ, ಅಷ್ಟೇ ಎಂದು ಅವಳು ತಿಳಿದಳು. ಶಿವಲಿಂಗಮ್ಮ ಮಾತ್ರ ಉಡಿ ಗಂಟುಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ನನ್ನ ಅಗಲಿಕೆಗೆ ಅಳುತ್ತಾಳೆ, ಎಷ್ಟು ಒಳ್ಳೆಯವಳು ಎಂದುಕೊಂಡಳು ಕಾಶಿಬಾಯಿ. ಎಲ್ಲರೂ ನೋಡುತ್ತಿದ್ದರು, ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ.

ಒಂದೆರಡು ವರ್ಷ ಏಳಾಯಿತು. ಕಾಶಿಬಾಯಿ ನ್ಯೂಜೆರ್ಸಿಯ ಔಷಧಿ ಕಾರ್ಖಾನೆಯೊಂದರಲ್ಲಿ ನಿಂತೇ ಬಾಟಲಿಗೆ ಮುಚ್ಚಳ ಹಾಕಿದಳು, ಬಸ್ಸು ಬದಲಿಸಿ ಮನೆಗೆ ಬಂದು ಅಡುಗೆ ಮಾಡಿದಳು, ಓದುವವನ ಮುಂದೆ ಚಹಾ ಇಟ್ಟಳು. ಅವನ ಪರೀಕ್ಷೆ ಮುಗಿದವು, ಕೆಲಸ ಸಿಕ್ಕಿತು, ಆಮೇಲೆ ಗ್ರೀನ್ ಕಾರ್ಡಿನ ದಾರಿ ಕಾಯುವುದಾಯಿತು. ಆಗ ಅವಳು ಕಾರ್ಖಾನೆ ಬಿಟ್ಟು ಕಟ್ಟಡದ ಮಕ್ಕಳನ್ನು ನೋಡಿಕೊಳ್ಳತೊಡಗಿದಳು. ನಡುವೆ ಎರಡು ಬಸಿರು ನಿಲ್ಲಲಿಲ್ಲ. ಮುಂದಿನ ವರ್ಷ ಕರೆಸೋಣ ಎನ್ನುವುದು ಪಂಚಾಕ್ಷರಿಗೆ ಬಾಯಿಪಾಠವಾಗಿತ್ತು. ಒಮ್ಮೆ ಊರಿಗೆ ಹೋದಾಗ ನೀತಾ ನಾಲ್ಕು ವರ್ಷದವಳು. ಶಿವಲಿಂಗಮ್ಮನ ಸೀರೆಯ ಹಿಂದೆ ಅಡಗಿ, ಒಂದು ಕಣ್ಣಿನಿಂದ ತಾಯಿಯನ್ನು ನೋಡಿದಳು. ಮಕ್ಕಳಿಗೆ ನಾಚಿಕೆ ಇರುತ್ತದೆ ಎಂದು ಎಲ್ಲರೂ ನಕ್ಕರು. ಕಾಶಿಬಾಯಿಯೂ ನಕ್ಕಳು.

ಎಪ್ಪತ್ತೇಳರ ಬೇಸಿಗೆಯ ಕೊನೆಯಲ್ಲಿ ನೀತಾ ಬಂದಳು. ರಜೆ ಮುಗಿಸಿ ಮರಳುತ್ತಿದ್ದ ಮುಕುಂದ್ ಎಂಬ ವಿದ್ಯಾರ್ಥಿ ಅವಳನ್ನು ಕೈಹಿಡಿದು ಕರೆತಂದ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಕೆಂಪು ರಿಬ್ಬನ್ನು. ಆ ಜಡೆಗಳನ್ನು ಬಿಚ್ಚಲು ಅವಳು ಮೂರು ದಿನ ಒಪ್ಪಲಿಲ್ಲ. ಹುಬ್ಬಳ್ಳಿಯಲ್ಲಿ ಯಾರು ಹೆಣೆದು ಕಳಿಸಿದ್ದರೋ ಅದು ಹಾಗೆಯೇ ಇರಬೇಕು.

ವಿಮಾನ ನಿಲ್ದಾಣದಲ್ಲೇ ಅವಳು ಬಗ್ಗಿ ಇಬ್ಬರಿಗೂ ನಮಸ್ಕಾರ ಮಾಡಿದ್ದಳು. "ಆರಾಮ ಅದೀರಿ, ಕಾಕಾ? ಆರಾಮ ಅದೀರಿ, ಚಿಗವ್ವಾ?"

ಅಡಿವೆಪ್ಪ ಅವಳಿಗೆ ಅಪ್ಪ, ಶಿವಲಿಂಗಮ್ಮ ಅವ್ವ. ಅಂದಮೇಲೆ ಅಪ್ಪನ ತಮ್ಮ ಕಾಕಾ, ಅವನ ಹೆಂಡತಿ ಚಿಗವ್ವ. ಲೆಕ್ಕ ಸರಿಯಾಗಿಯೇ ಇತ್ತು. ಪಂಚಾಕ್ಷರಿ ನಕ್ಕು, ಎರಡು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ, ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ ಎಂದ. ಹೊಂದಿಸುವ ಕೆಲಸ ಯಾರದೆಂದು ಅವನು ಹೇಳಲಿಲ್ಲ. ಸೋಮವಾರ ಎಂದಿನಂತೆ ಆಫೀಸಿಗೆ ಹೋದ.

ಅವಳ ಬಾಯಲ್ಲಿ ಅವ್ವ ಎನ್ನಿಸಬೇಕು. ಕಾಶಿಬಾಯಿಗೆ ಆ ಚಳಿಗಾಲದವರೆಗೆ ಬೇರೆ ಆಸೆಯೇ ಇರಲಿಲ್ಲ. ಅದಕ್ಕೆ ಅವಳಿಗೆ ಗೊತ್ತಿದ್ದ ದಾರಿ ಒಂದೇ, ಕೆಲಸ. ಜೋಳದ ಹಿಟ್ಟು ಸಿಗದೆ ಇದ್ದುದರಲ್ಲೇ ರೊಟ್ಟಿ ಬಡಿದಳು. ಶೇಂಗಾ ಚಟ್ನಿ ಕುಟ್ಟಿದಳು. ಕೋಟಿನ ತೋಳು ಮಡಚಿ ಹೊಲಿದಳು. ಶಾಲೆಯ ಬಾಗಿಲತನಕ ನಡೆದು ಬಿಟ್ಟಳು, ನಡೆದು ಕರೆತಂದಳು. ನೀತಾ ಬೇಡ ಎನ್ನಲಿಲ್ಲ, ಅಳಲಿಲ್ಲ, ಹಟ ಮಾಡಲಿಲ್ಲ. ನೀರು ಕುಡಿಯಲೇ ಎಂದು ಕೇಳಿ ಕುಡಿಯುತ್ತಿದ್ದಳು. ಉಂಡ ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದಳು. ಬೆಳಗ್ಗೆ ಎದ್ದವಳು ಹಾಸಿಗೆಯನ್ನು ಮಡಚಿ ತನ್ನ ಟ್ರಂಕಿನ ಮೇಲೆ ಒಟ್ಟುತ್ತಿದ್ದಳು, ಹೊರಡುವವರು ಒಟ್ಟಿದ ಹಾಗೆ. ಟ್ರಂಕಿನೊಳಗಿನ ಬಟ್ಟೆ ಕಪಾಟಿಗೆ ಬರಲೇ ಇಲ್ಲ.

ಹಟ ಮಾಡುವ ಮಕ್ಕಳ ನಡುವೆಯೇ ಇಷ್ಟು ವರ್ಷ ಕಳೆದಿದ್ದ ಕಾಶಿಬಾಯಿಗೆ ಈ ಮಗುವಿನ ಮರ್ಯಾದೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಹರಿ ಗಂಜಿಯ ಬಟ್ಟಲು ಒದ್ದು ಕೆಡವಿದಾಗ, ಇವಳೂ ಒಮ್ಮೆ ಹೀಗೆ ಒದೆಯಬಾರದೇ ಎಂದು ನೆಲ ಒರೆಸುತ್ತ ಅಂದುಕೊಂಡಳು.

ಮಧ್ಯಾಹ್ನದ ಕಾರ್ಟೂನುಗಳ ಮುಂದೆ ನೀತಾ ಮಕ್ಕಳ ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಇಂಗ್ಲಿಷು ಬಾರದು. ಉಳಿದವರು ನಕ್ಕಾಗ ಅವರ ಮುಖ ನೋಡಿ ತಡವಾಗಿ ನಗುವಳು.

ಅಕ್ಟೋಬರಿನ ಒಂದು ಭಾನುವಾರ, ಹುಡುಗರಿಲ್ಲದ ದಿನ, ಕಾಶಿಬಾಯಿ ಟಿವಿಯ ಎರಡನೆಯ ಗುಂಡಿ ತಿರುಗಿಸುತ್ತಿದ್ದಳು. ದೊಡ್ಡ ನಂಬರಿನ ಚಾನೆಲ್ಲುಗಳು ಬರುವ ಗುಂಡಿ ಅದು. ದುಂಡು ತಂತಿಯ ಆಂಟೆನಾವನ್ನು ಕಿಟಕಿಗೆ ಹಿಡಿದರೆ ಮಾತ್ರ ಚಿತ್ರ ನಿಲ್ಲುತ್ತಿತ್ತು. ಅಲ್ಲಿ ಸ್ಪ್ಯಾನಿಷ್ ನಾಟಕ, ಪಾದ್ರಿಗಳ ಭಾಷಣ. ನಂತರ ಜಪಾನಿಗರಿಗಾಗಿ ಅವರದೇ ಭಾಷೆಯ ಕಾರ್ಯಕ್ರಮ. ಹೊಸದೊಂದು ದೊಡ್ಡ ಕಣ್ಣಿನ ಕತೆ ಆಗಷ್ಟೇ ಶುರುವಾಗುತ್ತಿತ್ತು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿದ್ದವು; ಕಾಶಿಬಾಯಿ ಒಂದು ಸಾಲು ಓದುವಷ್ಟರಲ್ಲಿ ಮಾಯ. ತಾಯಿಗೂ ತಿಳಿಯದು, ಮಗಳಿಗೂ ತಿಳಿಯದು. ಕಾಶಿಬಾಯಿಗೆ ಅದೇ ಹಿತವೆನಿಸಿ, ಬಾಗಿಲಲ್ಲಿ ನಿಲ್ಲದೆ, ಮೊದಲ ಸಲ ಸೋಫಾದ ಮೇಲೆ ಮಗಳ ಪಕ್ಕದಲ್ಲಿ ಕುಳಿತಳು.

ಕತೆಯಲ್ಲಿ ಒಂದು ಹೊಳೆ. ಒಬ್ಬ ಹೆಣ್ಣುಮಗಳು ದೋಣಿ ಹುಟ್ಟು ಹಾಕಿ ಜನರನ್ನು ದಾಟಿಸುತ್ತಾಳೆ. ಅವಳ ಮಗಳು ದಡದಲ್ಲಿ ಒಲೆ ಊದುತ್ತಾಳೆ. ತಾಯಿ ಬಂದು ಅನ್ನದ ಉಂಡೆ ಕಟ್ಟಿ ಕೊಡುತ್ತಾಳೆ. ಹುಡುಗಿ ಎರಡೂ ಗಲ್ಲ ಉಬ್ಬಿಸಿ ತಿನ್ನುತ್ತಾಳೆ.

"ಇದು ಪಾಸು," ಎಂದಳು ಕಾಶಿಬಾಯಿ. ನೀತಾ ಅವಳ ಕಡೆ ನೋಡಿ ಸಣ್ಣಗೆ ನಕ್ಕಳು. ಈ ಸಲ ನಗು ತಡವಾಗಿ ಬಂದದ್ದಲ್ಲ.

ಆಮೇಲೆ ಕೋಟು ತೊಟ್ಟ ಒಬ್ಬ ಗಂಡಸು ಬಂದ. ಏನೋ ಮಾತಾಯಿತು. ತಾಯಿ ಹುಡುಗಿಯ ಕೂದಲು ಬಾಚಿದಳು, ಗಂಟು ಕಟ್ಟಿದಳು, ಇಬ್ಬರನ್ನೂ ದೋಣಿಯಲ್ಲಿ ಕೂರಿಸಿ ತಾನೇ ಹುಟ್ಟು ಹಾಕಿ ಆಚೆ ದಡಕ್ಕೆ ಮುಟ್ಟಿಸಿದಳು. ಮಗಳನ್ನು ಇಳಿಸಿದಳು. ದೋಣಿ ಹಿಂದಕ್ಕೆ ತಿರುಗಿಸಿದಳು.

ಕಾಶಿಬಾಯಿಗೆ ತನ್ನ ಎರಡು ಕೈಗಳು ಕಂಡವು: ಅಕ್ಕಿ, ಕೊಬ್ಬರಿ, ಖಣ. ತನ್ನ ಕೈಯಾರೆ ದಾಟಿಸಿದವಳು. ಎದ್ದವಳೇ ಟಿವಿ ಬಂದ್ ಮಾಡಿಬಿಟ್ಟಳು. ತೆರೆಯ ನಡುವೆ ಒಂದು ಬಿಳಿ ಚುಕ್ಕೆ ಉಳಿದು ಆರಿಹೋಯಿತು.

"ಹಚ್ಚ್ರಿ," ಎಂದಳು ನೀತಾ.

ಬಂದಾಗಿನಿಂದ ಅವಳು ತನಗೆ ಬೇಕೆಂದು ಕೇಳಿದ್ದು ಅದೇ ಮೊದಲು. ಎದ್ದು ನಿಂತಿದ್ದಳು. "ಹಚ್ಚ್ರಿ ಚಿಗವ್ವಾ. ಆಕಿ ಅವ್ವ ಹೊಳ್ಳಿ ನೋಡತಾಳೋ ಇಲ್ಲೋ ನೋಡಬೇಕು."

ಕಾಶಿಬಾಯಿ ಗಡಬಡಿಸಿ ಹಚ್ಚಿದಳು. ಟಿವಿ ಬಿಸಿಯಾಗಿ, ಚಿತ್ರ ಮೂಡಿ, ಆಂಟೆನಾ ಸರಿಮಾಡುವಷ್ಟರಲ್ಲಿ ಕಂತು ಮುಗಿದು ಸೋಯಾ ಸಾಸಿನ ಜಾಹೀರಾತು ಬಂದಿತ್ತು. ನೀತಾ ಕಚ್ಚಿದ ತುಟಿಯಲ್ಲಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಸೋಫಾದ ದಿಂಬು ಸರಿಯಾಗಿಟ್ಟು ಒಳಗೆ ಹೋದಳು.

ಮೊದಲ ಕಂತಿಗೇ ಫೇಲ್ ಮಾಡಿದ ಕತೆಯನ್ನು ಕಾಶಿಬಾಯಿ ಮುಂದೆ ನೋಡಿದ್ದು ಅದೊಂದೇ. ಪ್ರತಿ ಭಾನುವಾರ ಅಡುಗೆ ಮುಂಚೆಯೇ ಮುಗಿಸಿ ಆಂಟೆನಾ ಹಿಡಿದು ಕೂತಳು. ಚಿತ್ರ ಅಲುಗಿದರೆ ಎದ್ದು ತೋಳು ಚಾಚಿ ತಂತಿಯನ್ನು ಹಾಗೇ ಹಿಡಿದು ನಿಲ್ಲುವಳು, ನೀತಾ ನೋಡುವಳು. ಪಂಚಾಕ್ಷರಿ ಹಾದುಹೋಗುವಾಗ, ತಾಯಿ ಮಗಳು ಜಪಾನಿಗೆ ಹೋಗುವವರೇನು ಎಂದು ಚೇಷ್ಟೆ ಮಾಡಿ, ಚಹಾ ಆಯಿತೇ ಎಂದು ಕೇಳುತ್ತಿದ್ದ.

ಮಾತು ತಿಳಿಯದ ಕತೆಗೆ ನೀತಾ ತಾನೇ ಮಾತು ಹಚ್ಚತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಧೈರ್ಯವಾಗಿ. ದೊಡ್ಡ ಕಣ್ಣಿನ ಹುಡುಗಿ ಹುಬ್ಬಳ್ಳಿಯ ಕನ್ನಡ ಆಡಿದಳು. ರೈಲಿನ ಕಿಟಕಿಯಿಂದ, ಅವ್ವಾ, ನನ್ನ ಪಾಲಿನ ರೊಟ್ಟಿ ಎತ್ತಿಡು, ನಾ ಬರತೀನಿ ಎಂದಳು. ಕಾಶಿಬಾಯಿ ನಕ್ಕಳು, ಮಗಳ ದನಿ ಮನೆಯಲ್ಲಿ ಇಷ್ಟು ಕೇಳಿದ್ದು ಇದೇ ಮೊದಲು. ಆ ದೋಣಿಯವಳು ನಾನೇ, ಮಗಳು ಒಂದು ದಿನ ನದಿ ದಾಟಿ ಬರುತ್ತಾಳೆ ಎಂದು ಅವಳು ಒಳಗೊಳಗೇ ನಂಬಿದ್ದಳು.

ಹುಡುಗಿಯನ್ನು ಪಟ್ಟಣದ ಒಂದು ಮನೆಯಲ್ಲಿ ಇಟ್ಟಿದ್ದರು. ಅಲ್ಲಿ ಒಬ್ಬ ಹೆಂಗಸು. ಹೊಸ ಅಂಗಿ ಹೊಲಿಸುತ್ತಾಳೆ, ಬಿಸಿ ಸಾರು ಬಡಿಸುತ್ತಾಳೆ, ಹುಡುಗಿ ಮಲಗಿದ ಮೇಲೆ ಹೊದಿಕೆ ಸರಿಮಾಡುತ್ತಾಳೆ. ಹುಡುಗಿ ತಲೆಬಾಗಿಸಿ ವಂದಿಸುತ್ತಾಳೆ.

ಮೊದಲ ಹಿಮ ಬಿದ್ದ ಭಾನುವಾರ, ಆ ಹೆಂಗಸಿಗೆ ನೀತಾ ಮಾತನ್ನೇ ಹಚ್ಚುತ್ತಿಲ್ಲವೆಂದು ಕಾಶಿಬಾಯಿ ಗಮನಿಸಿದಳು. ಹುಡುಗಿ ಮಾತಾಡುತ್ತಾಳೆ, ರೈಲು ಮಾತಾಡುತ್ತದೆ, ನಾಯಿ ಕೂಡ ಮಾತಾಡುತ್ತದೆ. ಇವಳು ಮಾತ್ರ ಬಾಯಿ ಆಡಿಸಿ ಸುಮ್ಮನಾಗುತ್ತಾಳೆ.

"ಈ ಬಾಯಿ ಏನ ಅಂತಾಳ?" ಎಂದು ಆ ಹೆಂಗಸಿನ ಬಗ್ಗೆ ಕೇಳಿದಳು.

"ಗೊತ್ತಿಲ್ರಿ."

"ಚೊಲೋ ಬಾಯಿ ಕಾಣತಾಳಲ್ಲ. ಎಷ್ಟ ಮಾಡತಾಳ ನೋಡು."

"ಭಾಳ ಚೊಲೋ ಬಾಯಿ. ಪಾಪ, ದಿನಾ ಮಾಡತಾಳ." ನೀತಾ ತೆರೆಯಿಂದ ಕಣ್ಣು ತೆಗೆಯಲಿಲ್ಲ. "ಆದ್ರ ಅವ್ವ ಅಲ್ಲಲ್ರಿ. ಮೊದಲ್ನೇ ದಿವಸದ ಕತಿಯೊಳಗ ಆಕಿ ಇರಲೇ ಇಲ್ಲ."

ಆಂಟೆನಾ ಹಿಡಿದ ಕಾಶಿಬಾಯಿಯ ತೋಳು ಜೋತುಬಿತ್ತು. ಚಿತ್ರ ಕಲಕಿ ಗೆರೆಗೆರೆಯಾಯಿತು. ಮಗು ತನ್ನನ್ನು ನೋಯಿಸಲು ಹೇಳಿದ್ದಲ್ಲ. ಕತೆ ಹೇಳಿತ್ತು ಅಷ್ಟೇ. ಕಾಶಿಬಾಯಿ ಮತ್ತೆ ತೋಳೆತ್ತಿ ತಂತಿ ಹಿಡಿದಳು, ಮುಗಿಯುವತನಕ ಇಳಿಸಲಿಲ್ಲ.

ಮರುವಾರ ಅವಳು ಹುಬ್ಬಳ್ಳಿಗೆ ಫೋನ್ ಬುಕ್ ಮಾಡಿಸಿದಳು. ಫೋನು ಇದ್ದುದು ಅಡಿವೆಪ್ಪನ ಬಟ್ಟೆ ಅಂಗಡಿಯಲ್ಲಿ. ಭಾವನೊಡನೆ ಕುಶಲ ಮುಗಿದ ಮೇಲೆ, ಅಕ್ಕನನ್ನು ಕರೆಸಿರಿ ಎಂದಳು. ಅಂಗಡಿಗೆ ಎಂದೂ ಬಾರದ ಶಿವಲಿಂಗಮ್ಮ ಅಲ್ಲೇ ಇದ್ದಳು. ಫೋನು ಬರುವುದೆಂದು ಕೇಳಿ ಬೆಳಗಿನಿಂದ ಬಂದು ಕೂತಿದ್ದಳಂತೆ.

"ರೊಟ್ಟಿ ತಿಂತಾಳೇನ?" ಅದು ಅವಳ ಮೊದಲ ಮಾತು.

"ತಿಂತಾಳ, ಅಕ್ಕಾ."

"ಅಂಚು ಗರಿಗರಿ ಇರಬೇಕು. ಇಲ್ಲಂದ್ರ ಬಿಡತಾಳ, ಹೇಳೂದಿಲ್ಲ."

ಹೌದು, ಅಂಚನ್ನು ಬಿಡುತ್ತಿದ್ದಳು. ಕಾಶಿಬಾಯಿ ಅದನ್ನು ಎತ್ತಿ ತಾನೇ ತಿನ್ನುತ್ತಿದ್ದಳು, ಯಾಕೆಂದು ಕೇಳಿರಲಿಲ್ಲ. ತಂತಿಯಲ್ಲಿ ಸಮುದ್ರ ಮೊರೆದಂಥ ಸದ್ದು. "ಅಕ್ಕಾ, ಅವತ್ತ ನಾ ನಿನ್ನ ಉಡಿ ತುಂಬಿದ್ನೆಲ್ಲ. ನೀ ಏನಂತ ತಿಳದಿದ್ದಿ?"

ಆ ಸದ್ದನ್ನು ದಾಟಿ ಶಿವಲಿಂಗಮ್ಮನ ದನಿ ಬಂತು. "ಕೂಸನ್ನ ತೊಡಿ ಮ್ಯಾಲ ಹಾಕಿ ಉಡಿ ತುಂಬಿದ್ರ ಏನಂತ ತಿಳೀಬೇಕು, ತಂಗಿ? ಕೊಟ್ಟಿ ಅಂತ ತಿಳದೆ. ಆಮ್ಯಾಲ ಕಳಸ್ರಿ ಅಂದ್ರಿ. ಜಡಿ ಹಾಕಿ ಕಳಿಸಿದೆ. ನಾ ಏನಂತ ಕೇಳ್ಲಿ?"

ನೀತಾಳನ್ನು ಹಿಂದಕ್ಕೆ ಕಳಿಸುತ್ತೇನೆ ಎಂದಾಗ ಪಂಚಾಕ್ಷರಿ ತಟ್ಟೆಯಿಂದ ತಲೆಯೆತ್ತಿದ. ಹುಚ್ಚೇ, ಇಷ್ಟು ವರ್ಷ ಕಾದದ್ದು ಯಾಕೆ, ಇಲ್ಲಿಯ ಶಾಲೆ, ಜನ ಏನಂದಾರು ಎಂದು ಒಂದೊಂದಾಗಿ ಹೇಳಿದ. ಕೊನೆಗೆ, "ನಿನ್ನ ಹೊಟ್ಟ್ಯಾಗ ಹುಟ್ಟಿದ ಮಗಳು," ಎಂದ.

"ಹುಟ್ಟಿಸೂದು ಒಂದ ದಿವಸದ ಕೆಲಸರಿ. ಉಳದದ್ದೆಲ್ಲಾ ಆಕಿ ಮಾಡ್ಯಾಳ."

"ನಿನ್ನ ದುಡಿತ ಏನ ಕಡಿಮೀ ಆಗೇದ?"

"ನನ್ನ ದುಡಿತ ನಿಮ್ಮ ಪರೀಕ್ಷಾಕ್ಕ ಹೋತು. ಹರಿಗೆ ಹೋತು. ಈ ಕೂಸಿಗೆ ಮುಟ್ಟಲಿಲ್ಲ."

ಅವನು ತಟ್ಟೆ ಮುಂದೆ ಸರಿಸಿ ಮೊಸರು ಕೇಳಿದ. ಅವಳು ಬಡಿಸಿದಳು.

ನೀತಾಳಿಗೆ ಹೇಳಿದಾಗ ಅವಳು ಕುಣಿಯಲಿಲ್ಲ. ಮರ್ಯಾದೆಯ ಹುಡುಗಿ. ನೀವು ಒಬ್ಬರೇ ಆಗುವಿರಲ್ಲ ಎಂದು ಕೇಳಿದಳು. ಆ ರಾತ್ರಿ ಮೊದಲ ಸಲ ಗಂಜಿ ಬೇಡ ಎಂದು ಹಟಮಾಡಿ, ಸಕ್ಕರೆ ಹಾಕಿದ ಹಾಲು ಕೇಳಿ ಕುಡಿದಳು. ಬಟ್ಟಲನ್ನು ತೊಳೆಯದೆ ಮೇಜಿನ ಮೇಲೇ ಬಿಟ್ಟು ಮಲಗಲು ಹೋದಳು. ಕಾಶಿಬಾಯಿ ಆ ಬಟ್ಟಲನ್ನು ತಕ್ಷಣ ತೊಳೆಯಲಿಲ್ಲ.

ಸಂಕ್ರಾಂತಿಯ ಆಸುಪಾಸಿಗೆ ಊರಿಗೆ ಹೊರಟಿದ್ದ ಭಾನುಮತಿ ಎಂಬ ಮೈಸೂರಿನ ಪರಿಚಿತೆಯ ಜೊತೆ ಕಳಿಸುವುದೆಂದಾಯಿತು. ಮುಂಬಯಿಗೆ ಅಡಿವೆಪ್ಪ ಬರುವನು. ಹೊರಡುವ ಬೆಳಗ್ಗೆ ಕಾಶಿಬಾಯಿ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದಳು, ಅದೇ ಕೆಂಪು ರಿಬ್ಬನ್ನು ಕಟ್ಟಿದಳು. ಉಡಿ ಅಕ್ಕಿಯನ್ನು ಸಣ್ಣ ಚೀಲದಲ್ಲಿ ಹಾಕಿ, ಖಣದ ಬದಲು ಇಲ್ಲಿಯ ಹೂವಿನ ಬಟ್ಟೆಯೊಂದನ್ನು ಸುತ್ತಿ ಟ್ರಂಕಿನಲ್ಲಿಟ್ಟಳು. ನಿಮ್ಮವ್ವಗ ಕೊಡು, ತಿಳೀತದ ಎಂದಳು. ಈ ಸಲ ಅದೇನೆಂದು ಅವಳಿಗೂ ತಿಳಿದಿತ್ತು.

ನಿಲ್ದಾಣದಲ್ಲಿ ನೀತಾ ನಮಸ್ಕರಿಸಿ ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದಳು. "ಚಿಗವ್ವಾ, ಉಳದ ಕತಿ ನೀವು ನೋಡ್ರಿ. ಆಕಿ ಅವ್ವ ಸಿಗತಾಳೋ ಇಲ್ಲೋ ನನಗ ಹೇಳಬೇಕು."

ನೋಡುತ್ತೇನೆ ಎಂದು ಕಾಶಿಬಾಯಿ ಮಾತು ಕೊಟ್ಟಳು. ಮುಂದಿನ ಭಾನುವಾರ ಒಬ್ಬಳೇ ಆಂಟೆನಾ ಹಿಡಿದು ನೋಡಿದಳು. ಹುಡುಗಿ ಪಟ್ಟಣದ ಮನೆಯ ಬಾಗಿಲು ತೆರೆದು ಹಿಮದಲ್ಲಿ ಓಡಿದಳು. ಅಲ್ಲಿಗೆ ಕಂತು ನಿಂತಿತು. ಅದರ ಮುಂದಿನ ವಾರ ಆ ಹೊತ್ತಿಗೆ ಕುಸ್ತಿ ಬಂತು. ಜಪಾನಿನ ಕಾರ್ಯಕ್ರಮ ತೆಗೆದುಹಾಕಿದ್ದರು. ಅವಳು ಚಳಿಗಾಲ ಮುಗಿಯುವವರೆಗೂ ಆ ಗುಂಡಿ ತಿರುಗಿಸಿ ಹುಡುಕಿದಳು.

ಯುಗಾದಿಗೆ ಹುಬ್ಬಳ್ಳಿಯಿಂದ ಫೋನು ಬಂದದ್ದು ಬೆಳಗಿನ ಗದ್ದಲದ ಹೊತ್ತಿಗೆ. ಹರಿ ಕಾಲು ಹಿಡಿದು ಜೋತಾಡುತ್ತಿದ್ದ, ಇನ್ನೊಂದು ಮಗು ಚೆಲ್ಲಿದ ಹಾಲಿನಲ್ಲಿ ಕೂತಿತ್ತು. ನೀತಾಳ ದನಿ ಏರಿತ್ತು, ಊರಿನ ಹುಡುಗಿಯ ದನಿ. ಹಬ್ಬದ ಮಾತು ಒಂದೇ ಉಸಿರಿಗೆ ಮುಗಿಸಿ ಕೇಳಿದಳು.

"ಚಿಗವ್ವಾ, ಸಿಕ್ಕಳೇನು ಆಕಿ ಅವ್ವ?"

"ಸಿಕ್ಕಳು," ಎಂದಳು ಕಾಶಿಬಾಯಿ.

"ಎಲ್ಲಿ?"

"ದಂಡೀ ಮ್ಯಾಲನ ಇದ್ಲು. ಒಲಿ ಮುಂದ ಕುಂತಿದ್ಲು. ಮಗಳ ಪಾಲಿಂದು ಎತ್ತಿಟ್ಟಿದ್ಲು."

ಆಚೆ ಕಡೆ ಶಿವಲಿಂಗಮ್ಮನಿಗೆ ಅದನ್ನು ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ನೀತಾ ಮತ್ತೆ ಕೇಳಿದಳು:

"ಮತ್ತ ಆ ಬಾಯಿ? ಪಟ್ಟಣದಾಕಿ?"

ಕಾಶಿಬಾಯಿ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ, ಬಗ್ಗಿ ಹಾಲಿನಲ್ಲಿ ಕೂತ ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು.

"ಆಕಿ ಆರಾಮ ಅದಾಳ," ಎಂದಳು. "ಅದ ಮನ್ಯಾಗ ಅದಾಳ. ಮಂದಿ ಹುಡುಗರ್ನ ನೋಡ್ಕೋತಾಳ."